ಗುಪ್ತ ರೋಗದ ಬಿಲ್ ಯಾರು ಕಟ್ಟೋದು?

ಹೊಸಕೋಟೆಯಲ್ಲಿ ಬೆಳ್ಳಂಬೆಳಗ್ಗೆ ಬಿರಿಯಾನಿಗೆ ಕ್ಯೂ ನಿಲ್ತಾರೆ ಅನ್ನೋದು ನಿಮಗೆಲ್ಲ ಗೊತ್ತು. ಕೋಲಾರದ ಕಡೆ ಹೊರಟಿದ್ದ ನಾನೂ ಒಂದು ದಿನ ಆ ಕ್ಯೂನಲ್ಲಿದ್ದೆ. ನನ್ನ ಗುರುತು ಹಿಡಿದ ಲಾರಿ ಚಾಲಕರೊಬ್ಬರು ಪಕ್ಕಕ್ಕೆ ಕರೆದರು. "ಸಾರ್, ಟೀವೀಲಿ ಎಲ್ಲಾ ಮಾತಾಡ್ತೀರ. ಇದರ ಬಗ್ಗೆ ಯಾಕೆ ಮಾತಾಡಲ್ಲ?" ಅಂತ ಗೋಡೆಯ ಪೋಸ್ಟರ್ ಕಡೆ ಕೈ ತೋರಿಸಿದರು. 'ಗುಪ್ತ ರೋಗಗಳಿಗೆ ಖಚಿತ ಪರಿಹಾರ.' ಕೆಳಗೊಂದು ಮೊಬೈಲ್ ನಂಬರ್.

ಅಂಥದ್ದೇ ಒಂದು ನಂಬರ್ ನಂಬಿ ಅವರು ಕಳೆದುಕೊಂಡಿದ್ದು ಎಂಟು ಸಾವಿರ ರೂಪಾಯಿ. ಲೇಹ್ಯ, ಪುಡಿ, ಒಂದಿಷ್ಟು ಮಾತ್ರೆ. ಹುಣ್ಣು ಮಾಯವಾಯ್ತು, ವಾಸಿ ಆಯ್ತು ಅಂದ್ಕೊಂಡರು. ಕೆಲವು ತಿಂಗಳಾದ ಮೇಲೆ ಗರ್ಭಿಣಿ ಹೆಂಡತಿಯ ರಕ್ತ ಪರೀಕ್ಷೆಯಲ್ಲಿ ಸಿಫಿಲಿಸ್ ಅಂತ ಬಂತು.

ಮೋಸ ಇರೋದೇ ಇಲ್ಲಿ. ಸಿಫಿಲಿಸ್‌ನ ಮೊದಲ ಹುಣ್ಣು ಔಷಧಿ ಇಲ್ಲದಿದ್ದರೂ ಕೆಲವು ವಾರಗಳಲ್ಲಿ ಒಣಗುತ್ತದೆ. ಹೆಸರು ಲೇಹ್ಯಕ್ಕೆ ಬರುತ್ತೆ, ರೋಗಾಣು ರಕ್ತದಲ್ಲೇ ಉಳಿಯುತ್ತೆ. ಗರ್ಭದಲ್ಲಿರುವ ಮಗುವಿಗೂ ದಾಟುತ್ತೆ. ಚಿಕಿತ್ಸೆ ಸಿಗದಿದ್ದರೆ ಮಗು ಹೊಟ್ಟೆಯಲ್ಲೇ ಸಾಯಬಹುದು. ಇದಕ್ಕೆ ಮದ್ದು ಯಾವುದು ಗೊತ್ತಾ? ಅದೇ ಹಳೆಯ ಪೆನ್ಸಿಲಿನ್ ಇಂಜೆಕ್ಷನ್. ಆ ತಾಯಿಗೆ ಸಕಾಲಕ್ಕೆ ಸಿಕ್ಕಿತು, ಮಗು ಉಳಿಯಿತು.

ಈಗ ಲೆಕ್ಕ ಹಾಕೋಣ. ಎಂಟು ಸಾವಿರ ಹೋಗಿದ್ದು ಬರೀ ಮೊದಲ ಕಂತು. ಟ್ರಿಪ್ ಬಿಟ್ಟ ದಿನಗಳ ಸಂಪಾದನೆ ಇದೆ, ಕೈಸಾಲದ ಬಡ್ಡಿ ಇದೆ. ದೊಡ್ಡ ಬಿಲ್ ಬರೋದು ಹೆಣ್ಣುಮಕ್ಕಳ ಹೆಸರಿಗೆ. ಕ್ಲಮೈಡಿಯಾ, ಗೊನೋರಿಯಾ ಅನೇಕ ಹೆಂಗಸರಲ್ಲಿ ಯಾವ ಲಕ್ಷಣವನ್ನೂ ತೋರಿಸದೆ ಗರ್ಭನಾಳವನ್ನು ಹಾಳು ಮಾಡುತ್ತವೆ. ಆಮೇಲೆ ಮಕ್ಕಳಾಗಲಿಲ್ಲ ಅಂತ ಆಸ್ಪತ್ರೆ, ದೇವಸ್ಥಾನ ಸುತ್ತಾಟ, ಲಕ್ಷಗಟ್ಟಲೆ ಖರ್ಚು. ಜೊತೆಗೆ 'ಬಂಜೆ' ಅನ್ನೋ ಮಾತು ಬೇರೆ. ಸೋಂಕು ತಂದವನು ಯಾರೋ, ಬೈಗುಳ ಯಾರಿಗೋ! ಇನ್ನು ಜನನಾಂಗದ ಹುಣ್ಣಿದ್ದರೆ ಎಚ್‌ಐವಿ ತಗಲುವ ಅಪಾಯವೂ ಹೆಚ್ಚು. ಅದರ ಮಾತ್ರೆ 2004ರಿಂದ ಸರ್ಕಾರದಲ್ಲಿ ಉಚಿತ, ಆದರೆ ಜೀವನಪೂರ್ತಿ ನುಂಗಬೇಕು.

ಇದು ಹೆದ್ದಾರಿಯವರ ಕಾಯಿಲೆ, ನಮಗೇನು ಅಂತೀರಾ? ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನ ಪ್ರಕಾರ, ಗುಣಪಡಿಸಬಹುದಾದ ನಾಲ್ಕೇ ನಾಲ್ಕು ಲೈಂಗಿಕ ಸೋಂಕುಗಳಿಂದ 2020ರಲ್ಲಿ ಜಗತ್ತಿನಾದ್ಯಂತ 37.4 ಕೋಟಿ ಹೊಸ ಪ್ರಕರಣಗಳು ಬಂದವು. ಅಂದ್ರೆ ದಿನಕ್ಕೆ ಹತ್ತು ಲಕ್ಷಕ್ಕೂ ಹೆಚ್ಚು. ಇವರೆಲ್ಲ ಲಾರಿ ಓಡಿಸೋರಾ, ಸ್ವಾಮಿ?

ಮನಸ್ಸು ಮಾಡಿದರೆ ಇದನ್ನು ಇಳಿಸಬಹುದು ಅಂತ ತೋರಿಸಿದ್ದೂ ನಮ್ಮ ಕರ್ನಾಟಕವೇ. ಎಚ್‌ಐವಿ ಹೆಚ್ಚಿದ್ದ ಆರು ರಾಜ್ಯಗಳಲ್ಲಿ ನಾವೂ ಒಬ್ಬರಾಗಿದ್ದೆವು. 2003ರಲ್ಲಿ ಶುರುವಾದ 'ಆವಾಹನ್' ಯೋಜನೆಯಲ್ಲಿ ಲೈಂಗಿಕ ಕಾರ್ಯಕರ್ತೆಯರೇ ತಮ್ಮ ಜೊತೆಯವರಿಗೆ ತಿಳಿಹೇಳಿದರು, ಕಾಂಡೋಮ್ ಕೊಟ್ಟರು, ಕ್ಲಿನಿಕ್‌ಗೆ ಕರೆತಂದರು. ಐದು ಜಿಲ್ಲೆಗಳ ಸಮೀಕ್ಷೆ ನೋಡಿ: ಸುಮಾರು ಮೂರು ವರ್ಷಗಳ ಅಂತರದಲ್ಲಿ ಅವರಲ್ಲಿ ಸಕ್ರಿಯ ಸಿಫಿಲಿಸ್ ಶೇ. 5.9ರಿಂದ 3.4ಕ್ಕೆ ಇಳಿಯಿತು. ಸಮಾಜ ಯಾರನ್ನು ಕೀಳಾಗಿ ಕಾಣುತ್ತೋ, ಆ ಹೆಣ್ಣುಮಕ್ಕಳು ನಾಚಿಕೆ ಬದಿಗಿಟ್ಟು ಮಾಡಿದ ಕೆಲಸ ಇದು. ಮರ್ಯಾದಸ್ಥರು ಅನ್ನಿಸಿಕೊಂಡ ನಮಗೇನು ಅಡ್ಡಿ?

ಮಾಡಬೇಕಾದ್ದು ಇಷ್ಟೇ. ಹುಣ್ಣು, ಉರಿಮೂತ್ರ, ಅಸಹಜ ಸ್ರಾವ ಕಂಡರೆ ಸರ್ಕಾರಿ ಆಸ್ಪತ್ರೆಗೆ ಹೋಗಿ. ಅಲ್ಲಿಯ 'ಸುರಕ್ಷಾ ಕ್ಲಿನಿಕ್'ಗಳಲ್ಲಿ ಸಲಹೆ, ಔಷಧಿ ಎರಡೂ ಉಚಿತ. ಎಲ್ಲಿಗೆ ಹೋಗಬೇಕು ಅಂತ ಗೊತ್ತಾಗದಿದ್ದರೆ 1097ಕ್ಕೆ ಕರೆ ಮಾಡಿ, ಅದೂ ಉಚಿತ. ಗಂಡ, ಹೆಂಡತಿ ಇಬ್ಬರೂ ಚಿಕಿತ್ಸೆ ತಗೊಳ್ಳಿ. ಒಬ್ಬರೇ ತಗೊಂಡರೆ ಸೋಂಕು ಇನ್ನೊಬ್ಬರಿಂದ ವಾಪಸ್ ಬರುತ್ತೆ.

ಹೊರಡುವಾಗ ಆ ಚಾಲಕರು ಹೇಳಿದ ಮಾತು ಇನ್ನೂ ಕಿವಿಯಲ್ಲಿದೆ. "ಆಸ್ಪತ್ರೇಲಿ ಒಂದ್ರೂಪಾಯಿ ಖರ್ಚಾಗಲಿಲ್ಲ ಸಾರ್. ಎಂಟು ಸಾವಿರ ಕೊಟ್ಟಿದ್ದು ಕಾಯಿಲೆಗಲ್ಲ, ನಾಚಿಕೆಗೆ."