ಕಂಕುಳ ಗಂಟು: ಮುಚ್ಚಿಡಬೇಡಿ, ತೋರಿಸಿ

ಕಳೆದ ತಿಂಗಳು ಸ್ನಾನ ಮಾಡುವಾಗ ಬಲಗಂಕುಳಲ್ಲಿ ಕಡಲೆಕಾಳಿನಷ್ಟು ದಪ್ಪದ ಗಂಟೊಂದು ಕೈಗೆ ತಾಕಿತು. ಇಂಜಿನಿಯರಿಂಗ್ ಓದಿದವಳ ಚಟ, ರಾತ್ರಿ ಎರಡರವರೆಗೆ ಗೂಗಲ್ ಮಾಡಿ ಕ್ಯಾನ್ಸರ್ ಅಂತ ನಾನೇ ತೀರ್ಮಾನ ಮಾಡಿಬಿಟ್ಟೆ. ಐದು ದಿನ ಯಾರಿಗೂ ಹೇಳಲಿಲ್ಲ. ಆರನೇ ದಿನ ಡಾಕ್ಟರ್ ಗಂಟು ಮುಟ್ಟಿ ನೋಡಿ, ನನ್ನ ಹೆಬ್ಬೆರಳು ಹಿಡಿದು ಕೇಳಿದರು: "ಉಗುರುಸುತ್ತು ಆಗಿತ್ತಾ?"

ಆಗಿತ್ತು. ಗಂಟಿಗೆ ಅದೇ ಕಾರಣ.

ಕಂಕುಳಲ್ಲಿ ಸುಮಾರು 20ರಿಂದ 40 ದುಗ್ಧರಸ ಗ್ರಂಥಿಗಳಿರುತ್ತವೆ. ಕೈ, ಎದೆ, ಸ್ತನದ ಕಡೆಯಿಂದ ಬರುವ ರೋಗಾಣುಗಳನ್ನು ತಡೆಯುವ ಚೆಕ್‌ಪೋಸ್ಟ್‌ಗಳಿವು. ಸೋಂಕಾದಾಗ ಊದುತ್ತವೆ, ವಾಸಿಯಾದ ಮೇಲೆ ಕೆಲವು ವಾರಗಳಲ್ಲಿ ಇಳಿಯುತ್ತವೆ. ಬಿಸಿಜಿ ಲಸಿಕೆ ಹಾಕಿಸಿದ ಕೆಲವು ಕೂಸುಗಳಿಗೆ, 2021ರಲ್ಲಿ ಕೋವಿಡ್ ಲಸಿಕೆ ಪಡೆದ ಕೆಲವರಿಗೆ ಗಂಟು ಕಾಣಿಸಿಕೊಂಡದ್ದೂ ಹೀಗೇ.

ಬೇರೆ ಕಾರಣಗಳೂ ಇವೆ. ಶೇವ್ ಮಾಡಿದಾಗ ಕೂದಲ ಬುಡಕ್ಕೆ ಸೋಂಕು ತಗುಲಿ ಕುರು ಏಳಬಹುದು. ಬಿಸಿನೀರಿನ ಬಟ್ಟೆಯಿಂದ ಶಾಖ ಕೊಡಿ, ಹಿಸುಕಬೇಡಿ. ಕೀವು ತುಂಬಿದರೆ ಡಾಕ್ಟರೇ ಕೊಯ್ದು ತೆಗೆಯಬೇಕು. ಮೆತ್ತಗಿದ್ದು, ಒತ್ತಿದರೆ ಜಾರುವ, ನೋವಿಲ್ಲದ ಗಂಟು ಹೆಚ್ಚಾಗಿ ಕೊಬ್ಬಿನ ಗಡ್ಡೆ. ತೊಂದರೆ ಕೊಡದಿದ್ದರೆ ಅದನ್ನು ತೆಗೆಸಬೇಕಿಲ್ಲ. ಕೆಲವು ಹೆಣ್ಣುಮಕ್ಕಳಿಗೆ ಕಂಕುಳಲ್ಲೂ ಸ್ತನದ ಅಂಗಾಂಶ ಇರುತ್ತದೆ. ಮುಟ್ಟಿನ ಹೊತ್ತಿಗೆ, ಬಸುರಿ-ಬಾಣಂತನದಲ್ಲಿ ಅದು ಊದಿ ನೋಯುತ್ತದೆ.

ಕುರು ಮತ್ತೆ ಮತ್ತೆ ಎದ್ದು, ಒಡೆದು, ಕಲೆ ಉಳಿಸುತ್ತಿದ್ದರೆ ಅದು ಹೈಡ್ರಾಡಿನೈಟಿಸ್ ಎಂಬ ಚರ್ಮರೋಗ ಇರಬಹುದು. ಕೊಳಕಿನಿಂದ ಬರುವುದಲ್ಲ, ಅಂಟುವುದೂ ಇಲ್ಲ. ಆದರೂ "ಸರಿಯಾಗಿ ಸ್ನಾನ ಮಾಡಲ್ವಾ?" ಅನ್ನೋ ಮಾತಿಗೆ ಹೆದರಿ ವರ್ಷಗಟ್ಟಲೆ ಮುಚ್ಚಿಡುವವರಿದ್ದಾರೆ. ಚರ್ಮರೋಗ ತಜ್ಞರ ಹತ್ತಿರ ಇದಕ್ಕೆ ಔಷಧಿ ಇದೆ. ಸಿಗರೇಟು ಬಿಟ್ಟರೆ ಒಳ್ಳೆಯದು.

ಮುಚ್ಚಿಡುವುದರ ಬೆಲೆ ಏನು ಅಂತ ನನಗೆ ಗೊತ್ತು. ನಮ್ಮ ಚಿಕ್ಕಮ್ಮ ಗಂಡು ಡಾಕ್ಟರ್ ಮುಂದೆ ತೋಳೆತ್ತೋದು ಹೇಗೆ ಅಂತ ಒಂದು ವರ್ಷ ಗಂಟನ್ನು ಸೆರಗಿನಡಿ ಇಟ್ಟುಕೊಂಡಿದ್ದರು. ಸೂಜಿ ಪರೀಕ್ಷೆ ಮಾಡಿಸಿದಾಗ ಗ್ರಂಥಿಯ ಟಿಬಿ ಅಂತ ತಿಳಿಯಿತು. ಕನಿಷ್ಠ 6 ತಿಂಗಳ ಮಾತ್ರೆ, ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ಈಗ ಆರಾಮಾಗಿದ್ದಾರೆ. ಆದರೆ ಆ ಒಂದು ವರ್ಷ ಸುಮ್ಮನೆ ನರಳಿದರು.

ಹಾಗಾಗಿ ಇಷ್ಟು ನೆನಪಿಡಿ: 2–3 ವಾರವಾದರೂ ಇಳಿಯದ, ಬೆಳೆಯುತ್ತಿರುವ, ಗಟ್ಟಿಯಾಗಿ ಅಲುಗಾಡದ ಗಂಟನ್ನು ತೋರಿಸಲೇಬೇಕು. ಜೊತೆಗೆ ಜ್ವರ, ರಾತ್ರಿ ಬೆವರು, ತೂಕ ಇಳಿಕೆ ಅಥವಾ ಸ್ತನದಲ್ಲಿ ಬದಲಾವಣೆ ಇದ್ದರೆ ಕಾಯಲೇಬೇಡಿ. ಮೆಡಿಕಲ್ ಶಾಪಿನವರು ಕೊಡುವ ಆಂಟಿಬಯಾಟಿಕ್ ಇದಕ್ಕೆ ಪರಿಹಾರವಲ್ಲ.

ಮುಟ್ಟಿನ ಬಗ್ಗೆ ಬೀದಿಯಲ್ಲಿ ನಿಂತು ಮಾತಾಡಲು ಕಲಿತ ತಲೆಮಾರು ನಮ್ಮದು. ಕಂಕುಳ ಬಗ್ಗೆ ಮನೆಯಲ್ಲಾದರೂ ಮಾತಾಡೋಣ. ಊರಿನ ಆರೋಗ್ಯ ಕೇಂದ್ರಕ್ಕೆ ಮಹಿಳಾ ವೈದ್ಯರು ಬೇಕು ಅಂತ ಗ್ರಾಮಸಭೆಯಲ್ಲೂ ಕೇಳೋಣ. ಚಿಕ್ಕಮ್ಮ ಕಳೆದುಕೊಂಡ ವರ್ಷವನ್ನು ಇನ್ನೊಬ್ಬರು ಕಳೆದುಕೊಳ್ಳೋದು ಬೇಡ.