ನಿಮಗಿದು ಗೊತ್ತೆ? ಹಳ್ಳದ ಕೆಂಪು ನೀರು, ಜಲಾಶಯದ ಹೂಳು

● ಪುಣೆ ಬಳಿಯ ರಾಂಜಣಗಾಂವ ಅಷ್ಟವಿನಾಯಕ ಕ್ಷೇತ್ರ, ಕೈಗಾರಿಕಾ ಪ್ರದೇಶವೂ ಹೌದು. ಇಲ್ಲಿನ ಹಳ್ಳಗಳ ನೀರು ಘೋಡ್ ನದಿಗೆ ಸೇರಲಿ, ಭೀಮೆಗೆ ಸೇರಲಿ, ಕೊನೆಗೆ ಬಂದು ನಿಲ್ಲುವುದು ಸೊಲ್ಲಾಪುರ ಜಿಲ್ಲೆಯ ಉಜನಿ ಜಲಾಶಯದಲ್ಲಿ. ಭೀಮೆ ಅಲ್ಲಿಂದ ಮುಂದೆ ವಿಜಯಪುರ, ಕಲಬುರಗಿ, ಯಾದಗಿರಿ ಜಿಲ್ಲೆಗಳತ್ತ ಹರಿಯುತ್ತದೆ.

● ಹರಿಯುವ ನೀರು ಮಣ್ಣನ್ನು ಹೊತ್ತು ತರುತ್ತದೆ. ನಿಂತ ನೀರು ಅದನ್ನು ಕೆಳಗಿಳಿಸುತ್ತದೆ. ಮೊದಲು ಮರಳು, ಆಮೇಲೆ ಗೋಡು, ಕೊನೆಗೆ ಜೇಡಿ.

● ಮಣ್ಣಿನ ಕಣಗಳಿಗೆ ಗೊಬ್ಬರದ ರಂಜಕ ಅಂಟಿಕೊಂಡಿರುತ್ತದೆ. ಅದೇ ಕೆರೆಯ ಪಾಚಿಗೆ ಆಹಾರ. ಕದಡಿದ ನೀರಿನಲ್ಲಿ ಬಿಸಿಲು ಆಳಕ್ಕೆ ಇಳಿಯದು. ಮೀನಿನ ಮೊಟ್ಟೆಗಳು ಹೂಳಿನಡಿ ಉಸಿರುಗಟ್ಟುತ್ತವೆ.

● ತುಂಗಭದ್ರಾ ಜಲಾಶಯದ ಆರಂಭದ ಸಾಮರ್ಥ್ಯ ಸುಮಾರು 133 ಟಿಎಂಸಿ ಅಡಿ. ಹೂಳು ತುಂಬಿ ಈಗ ಉಳಿದಿರುವುದು ಸುಮಾರು 105.8.

● ನೀರಿನ ತಿಳಿಯನ್ನು ಅಳೆಯುವ ಸರಳ ಸಾಧನ ಸೆಕಿ ತಟ್ಟೆ. ಇಟಲಿಯ ಪಾದ್ರಿ, ಖಗೋಳವಿಜ್ಞಾನಿ ಆಂಜೆಲೊ ಸೆಕಿ 1865ರಲ್ಲಿ ಇದನ್ನು ಬಳಕೆಗೆ ತಂದರು. ತಟ್ಟೆಯನ್ನು ಹಗ್ಗದಲ್ಲಿ ಇಳಿಬಿಟ್ಟು, ಅದು ಕಣ್ಮರೆಯಾಗುವ ಆಳವನ್ನು ಗುರುತಿಸುತ್ತಾರೆ.

● ಕುಡಿಯುವ ನೀರಿನ ಕದಡು 1 ಎನ್‌ಟಿಯು (ಕದಡನ್ನು ಅಳೆಯುವ ಮಾನ) ಮೀರಬಾರದು, ಬೇರೆ ಮೂಲವೇ ಇಲ್ಲದಿದ್ದರೆ 5ರವರೆಗೆ ಆಗಬಹುದು ಎನ್ನುತ್ತದೆ ಭಾರತೀಯ ಮಾನಕ.

● ನೀವೂ ನೋಡಿ: ಮೊದಲ ಮಳೆಯ ಹಳ್ಳದ ನೀರನ್ನು ಗಾಜಿನ ಬಾಟಲಿಯಲ್ಲಿ ತುಂಬಿ ರಾತ್ರಿಯಿಡೀ ಅಲುಗಾಡಿಸದೆ ಇಡಿ. ಬೆಳಿಗ್ಗೆ ತಳದಲ್ಲಿ ಕಾಣುವುದು ಯಾವುದೋ ಹೊಲದ ಮೇಲ್ಮಣ್ಣು.