ಮಿಯುರಾಗೆ ಮರುಜೀವ ಕೊಡುವ ಕಸುಬು

ಯುರೋಪು, ಅಮೆರಿಕದ ಹರಾಜುಗಳಲ್ಲಿ ಹಳೆಯ ಲ್ಯಾಂಬೊರ್ಗಿನಿ ಮಿಯುರಾ ಕಾರೊಂದು ಮಾರಾಟಕ್ಕೆ ಬಂದರೆ ಬೆಲೆ ಹತ್ತು ಲಕ್ಷ ಡಾಲರ್ ದಾಟುವುದು ಈಗ ಸಾಮಾನ್ಯ. ಐವತ್ತು ವರ್ಷ ಮೀರಿದ ಇಂಥ ಕಾರುಗಳಲ್ಲಿ ಅನೇಕವು ಒಮ್ಮೆಯಾದರೂ ಪೂರ್ತಿ ಬಿಚ್ಚಿ, ಮತ್ತೆ ಜೋಡಿಸಿದಂಥವು. ಹಾಗಾಗಿ ಪಳಗಿದ ಗಿರಾಕಿ ಬಣ್ಣದ ಹೊಳಪಿಗೆ ಮರುಳಾಗುವುದಿಲ್ಲ. ಜಮೀನು ಕೊಳ್ಳುವವರು ಮೂಲಪತ್ರ ಕೇಳುವಂತೆ ಅವನೂ ಚಾಸಿ ನಂಬರ್, ಎಂಜಿನ್ ನಂಬರ್, ದುರಸ್ತಿಯ ಫೋಟೊಗಳು, ಬಿಲ್ಲುಗಳನ್ನು ಕೇಳುತ್ತಾನೆ. ಹಳೆಯ ಕಾರನ್ನು ಹೊಸದಾಗಿಸುವ ಕಸುಬಿನ ಮರ್ಯಾದೆ ನಿಂತಿರುವುದೇ ಈ ಕಡತದ ಮೇಲೆ.

ಟ್ರ್ಯಾಕ್ಟರ್ ತಯಾರಿಸಿ ಹೆಸರಾಗಿದ್ದ ಫೆರುಚ್ಚೊ ಲ್ಯಾಂಬೊರ್ಗಿನಿ 1963ರಲ್ಲಿ ಇಟಲಿಯ ಬೊಲೊನ್ಯಾ ನಗರದ ಹತ್ತಿರ, ಸಂತಾಗಾತ ಬೊಲೊನ್ಯೇಸೆ ಎಂಬ ಸಣ್ಣ ಊರಿನಲ್ಲಿ ಕಾರು ಕಾರ್ಖಾನೆ ಶುರುಮಾಡಿದರು. ಎಂಜಿನಿಯರುಗಳಾದ ಜಾನ್ ಪಾವ್ಲೊ ದಲ್ಲಾರ, ಪಾವ್ಲೊ ಸ್ತಾಂಜಾನಿ ಹಾಗೂ ನ್ಯೂಜಿಲೆಂಡಿನಿಂದ ಬಂದಿದ್ದ ಟೆಸ್ಟ್ ಡ್ರೈವರ್ ಬಾಬ್ ವ್ಯಾಲೇಸ್ ಆಗಿನ್ನೂ ಹರೆಯದವರು. ರೇಸಿನ ಕಾರುಗಳಲ್ಲಿದ್ದಂತೆ ಎಂಜಿನ್ನನ್ನು ಸೀಟಿನ ಹಿಂದಕ್ಕೆ ತರಬೇಕು, ಆದರೆ ಕಾರು ರಸ್ತೆಯಲ್ಲಿ ಓಡಬೇಕು ಎಂಬ ಹಟ ಅವರದು. 1965ರಲ್ಲಿ ಟ್ಯೂರಿನ್ ಪ್ರದರ್ಶನಕ್ಕೆ ಬರೀ ಚಾಸಿಯನ್ನೇ ಒಯ್ದು ನಿಲ್ಲಿಸಿದರು. ಅದಕ್ಕೆ ಮೈ ಕೊಡುವ ಕೆಲಸ ಬೆರ್ತೋನೆ ಕಂಪನಿಯ ಪಾಲಿಗೆ ಬಂತು. ಅಲ್ಲಿನ ಮಾರ್ಚೆಲ್ಲೊ ಗಾಂದೀನಿಗೆ ಆಗ 27 ವರ್ಷ. ಅವರು ರೂಪಿಸಿದ ಕಾರು 1966ರ ಮಾರ್ಚಿನಲ್ಲಿ ಜಿನೀವಾ ಪ್ರದರ್ಶನದಲ್ಲಿ ಕಂಡಾಗ ನೋಡಿದವರು ಬೆರಗಾದರು. ಗೂಳಿಕಾಳಗಕ್ಕೆ ಹೋರಿ ಸಾಕುವ ಸ್ಪೇನಿನ ಮನೆತನವೊಂದರ ಹೆಸರನ್ನೇ ಕಾರಿಗೆ ಇಟ್ಟಿದ್ದರು.

ನೆಲದಿಂದ ಮೀಟರಿಗಿಂತ ತುಸುವೇ ಎತ್ತರ. 3.9 ಲೀಟರಿನ, 12 ಸಿಲಿಂಡರಿನ ಎಂಜಿನ್ ಸೀಟಿನ ಬೆನ್ನಿಗೆ ಅಡ್ಡಡ್ಡವಾಗಿ ಕುಳಿತಿದೆ. ಮೊದಲ ಮಾದರಿಯ ಬಲ 350 ಅಶ್ವಶಕ್ತಿ, 1968ರ 'ಎಸ್' ಮಾದರಿಯದು 370, 1971ರ 'ಎಸ್‌ವಿ'ಯದು 385. 1973ರಲ್ಲಿ ತಯಾರಿಕೆ ನಿಲ್ಲುವ ಹೊತ್ತಿಗೆ ಹೊರಬಂದಿದ್ದವು ಸುಮಾರು 760 ಕಾರುಗಳು, ಅದರಲ್ಲಿ ಎಸ್‌ವಿ ಸುಮಾರು 150. ಸಂಖ್ಯೆ ಇಷ್ಟು ಕಡಿಮೆ ಇರುವುದರಿಂದಲೇ ಎಸ್‌ವಿಯ ಬೆಲೆ ಉಳಿದವುಗಳಿಗಿಂತ ಬಹಳ ಮೇಲೆ.

ಈ ಕಾರನ್ನು ಸರಿಮಾಡುವುದು ಸುಲಭವಲ್ಲ. ಚಾಸಿಯದು ಒಂದು ಮಿಲಿಮೀಟರ್ ಆಸುಪಾಸಿನ ತೆಳು ಉಕ್ಕಿನ ತಗಡು. ತೂಕ ಇಳಿಸಲೆಂದು ಅದಕ್ಕೆ ಉದ್ದಕ್ಕೂ ತೂತು ಕೊರೆದಿದ್ದಾರೆ. ಅಂಥ ತಗಡಿಗೆ ತುಕ್ಕು ಹಿಡಿದರೆ ಮೇಲೆ ಪುಟ್ಟಿ ಮೆತ್ತಿ ಬಣ್ಣ ಹೊಡೆದು ಪ್ರಯೋಜನವಿಲ್ಲ. ಬಣ್ಣವನ್ನೆಲ್ಲ ಕೆರೆದು ಲೋಹ ಕಾಣಿಸಬೇಕು, ಚಾಸಿಯನ್ನು ಚೌಕಟ್ಟಿಗೆ ಬಿಗಿದು ಅಳತೆ ನೋಡಬೇಕು, ಕೊಳೆತಷ್ಟನ್ನೇ ಕತ್ತರಿಸಿ ಹೊಸ ತಗಡು ಬೆಸೆಯಬೇಕು. ಇಡಿಯಾಗಿ ಮೇಲೇಳುವ ಮುಂಭಾಗ, ಹಿಂಭಾಗಗಳು ಅಲ್ಯೂಮಿನಿಯಮ್ಮಿನವು. ಅವನ್ನು ಕೈಸುತ್ತಿಗೆಯಿಂದ ತಟ್ಟಿ ಹದಕ್ಕೆ ತರಬೇಕು. ಬಾಗಿಲ ಸಂದು ಎರಡೂ ಬದಿ ಒಂದೇ ಸಮ ಬರುವವರೆಗೆ ಜೋಡಿಸುವುದು, ಬಿಚ್ಚುವುದು ನಡೆದೇ ಇರುತ್ತದೆ. ಬಣ್ಣದ ಸರದಿ ಆಮೇಲೆ.

ಕೈಗಿಂತ ಹೆಚ್ಚಾಗಿ ವಿವೇಕವನ್ನು ಪರೀಕ್ಷಿಸುವ ಘಟ್ಟ ಎಂಜಿನ್ನಿನದು. ಮಿಯುರಾದ ಎಂಜಿನ್ನಿಗೂ ಗೇರ್ ಬಾಕ್ಸಿಗೂ ಮೊದಲು ಒಂದೇ ಆಯಿಲ್ ಇತ್ತು. ಗೇರು ಸವೆದ ಲೋಹದ ಚೂರು ಎಂಜಿನ್ನಿಗೂ ತೊಂದರೆ ಕೊಡಬಲ್ಲದು. ಎಸ್‌ವಿ ತಯಾರಾಗುತ್ತಿದ್ದಾಗಲೇ ಕಂಪನಿ ಎರಡನ್ನೂ ಬೇರ್ಪಡಿಸಿತು. ವೆಬರ್ ಕಾರ್ಬುರೇಟರುಗಳಲ್ಲಿ ಪೆಟ್ರೋಲ್ ನಿಂತು ಕಾರು ಹೊತ್ತಿ ಉರಿದದ್ದೂ ಉಂಟು. ಹಾಗಾದರೆ ಹಳೆಯ ಕಾರಿಗೆ ಹೊಸ ವ್ಯವಸ್ಥೆ ಕೂರಿಸಬೇಕೋ, ಇದ್ದ ಹಾಗೇ ಬಿಡಬೇಕೋ? ಓಡಿಸುವವನ ಜೀವಕ್ಕೆ ಸಂಬಂಧಿಸಿದ್ದನ್ನು ಬದಲಿಸಲೇಬೇಕು ಎಂಬುದು ನನ್ನ ನಿಲುವು. ಆದರೆ ಬದಲಿಸಿದ್ದನ್ನು ಬರೆದಿಡಬೇಕು, ತೆಗೆದ ಭಾಗವನ್ನು ಕಾರಿನ ಜೊತೆಗೇ ಕೊಡಬೇಕು. ಎಸ್ ಮಾದರಿಯನ್ನು ಎಸ್‌ವಿಯಂತೆ ಮಾಡಿ ಅದನ್ನು ಮುಚ್ಚಿಟ್ಟು ಮಾರುವುದು ಮಾತ್ರ ಮೋಸ.

ಇಂಥ ಗೊಂದಲ ಬಿಡಿಸಲೆಂದೇ ಲ್ಯಾಂಬೊರ್ಗಿನಿ 2015ರಲ್ಲಿ 'ಪೋಲೊ ಸ್ತೋರಿಕೊ' ವಿಭಾಗ ತೆರೆಯಿತು. ಹಳೆಯ ದಾಖಲೆ ಕಾಯುವುದು, ಬಿಡಿಭಾಗ ಒದಗಿಸುವುದು, ಕಾರು ಸರಿಮಾಡುವುದು, ಅಸಲಿಯೆಂದು ಪ್ರಮಾಣಪತ್ರ ಕೊಡುವುದು ಅದರ ಕೆಲಸ. ಜಪಾನಿಗೆ ಹೋಗಿದ್ದ 'ಎಸ್‌ವಿಆರ್' ಎಂಬ ಏಕೈಕ ಮಿಯುರಾವನ್ನು ಈ ವಿಭಾಗದಲ್ಲಿ 19 ತಿಂಗಳು ದುಡಿದು ಸರಿಮಾಡಿ 2018ರಲ್ಲಿ ಮರಳಿಸಿದರು. 1969ರ 'ದಿ ಇಟಾಲಿಯನ್ ಜಾಬ್' ಚಿತ್ರದ ಆರಂಭದಲ್ಲಿ ಆಲ್ಪ್ಸ್ ಬೆಟ್ಟದ ರಸ್ತೆಯಲ್ಲಿ ಓಡುವ ಕಿತ್ತಳೆ ಬಣ್ಣದ ಮಿಯುರಾ ಯಾವುದೆಂಬ ಚರ್ಚೆ ದಶಕಗಳ ಕಾಲ ನಡೆದಿತ್ತು. ದಾಖಲೆಗಳನ್ನು ಜಾಲಾಡಿ, ಹಳೆಯ ನೌಕರರ ನೆನಪುಗಳನ್ನು ಕೇಳಿ, ಅದು 3586ನೇ ಚಾಸಿಯ ಕಾರು ಎಂದು 2019ರಲ್ಲಿ ಈ ವಿಭಾಗ ಖಚಿತಪಡಿಸಿತು.

ಮುಟ್ಟದೆ ಬಿಡುವುದೂ ಈ ಕಸುಬಿನ ಒಂದು ಪಾಠ. 2015ರ ಫೆಬ್ರುವರಿಯಲ್ಲಿ ಪ್ಯಾರಿಸ್ಸಿನಲ್ಲಿ ಬಯೋ ಮನೆತನದ ಹಳೆಯ ಕಾರುಗಳ ಸಂಗ್ರಹ ಹರಾಜಾಯಿತು. ಪಶ್ಚಿಮ ಫ್ರಾನ್ಸಿನ ಕೊಟ್ಟಿಗೆಯೊಂದರಲ್ಲಿ ದಶಕಗಳ ಕಾಲ ಪತ್ರಿಕೆಗಳ ರಾಶಿಯ ಕೆಳಗೆ ಬಿದ್ದಿದ್ದ ಫೆರಾರಿ 250 ಜಿಟಿ ಕ್ಯಾಲಿಫೋರ್ನಿಯಾ ಸ್ಪೈಡರ್ ಅದರಲ್ಲಿತ್ತು. ಒಂದು ಕಾಲಕ್ಕೆ ನಟ ಅಲೆನ್ ದೆಲೋನ್ ಅವರದಾಗಿದ್ದ ಆ ಕಾರನ್ನು ದೂಳು ಸಮೇತ ಮಾರಾಟಕ್ಕಿಟ್ಟರು. ಬಂದ ಬೆಲೆ 1.63 ಕೋಟಿ ಯೂರೊ. ಉಳಿದಿರುವ ಮೂಲ ಬಣ್ಣವನ್ನು ಒಮ್ಮೆ ಕೆರೆದರೆ ಮತ್ತೆ ತರಲಾಗದು ಎಂಬುದು ಕೊಂಡವರಿಗೂ ಮಾರಿದವರಿಗೂ ಗೊತ್ತಿತ್ತು.

ಮಾರಾಟಕ್ಕಿರುವ ಹಳೆಯ ಕಾರು ಎಷ್ಟೇ ಮಿಂಚಲಿ, ಯಾವುದು ಹಳೆಯದು, ಯಾವುದು ಹೊಸದು ಎಂದು ಮಾರುವವನು ಬಾಯಿಬಿಟ್ಟು ಹೇಳದಿದ್ದರೆ ಅದು ಆ ಬೆಲೆಗೆ ಯೋಗ್ಯವಲ್ಲ. ಕೊಳ್ಳುವ ಶಕ್ತಿ ಇಲ್ಲದವರೂ ಈ ಕಾರುಗಳನ್ನು ನೋಡಬಹುದು. ಸಂತಾಗಾತದ ಕಾರ್ಖಾನೆಯಲ್ಲಿ ಕಂಪನಿಯ ಮ್ಯೂಸಿಯಂ ಇದೆ. ಬೊಲೊನ್ಯಾ ಬಳಿಯ ಫೂನೊದಲ್ಲಿ ಫೆರುಚ್ಚೊ ಅವರ ಹೆಸರಿನದೇ ಇನ್ನೊಂದಿದೆ, ಅಲ್ಲಿ ಅವರ ಟ್ರ್ಯಾಕ್ಟರುಗಳೂ ಇವೆ. ಇಟಲಿಗೆ ಹೋಗುವವರು ರೋಮ್, ವೆನಿಸ್ ಜೊತೆಗೆ ಬೊಲೊನ್ಯಾಕ್ಕೂ ಒಂದು ದಿನ ಎತ್ತಿಡಿ.